ಎರಡು ಕಂಸ, ಒಂದು ಬುತ್ತಿ

ಇನ್ನೊಮ್ಮೆ ಹೇಳ್ರಿ ಬಾಯಾರ, ನನಗ ಸರಿಯಾಗಿ ಕೇಳಲಿಲ್ಲ. ‘ಸರ್ ಮನ್ಯಾಗ ಅದಾರೇನ್ರಿ’ ಅಂದ್ರಿ? ನೀವು? ನನ್ನ ಮನಿ ಬಾಗಲದಾಗ ನಿಂತು, ನನ್ನ ಗಂಡ ಎಲ್ಲಿ ಅದಾನಂತ, ನನ್ನ ಕೇಳಾಕತ್ತೀರಿ?

ಭಾಳ ಚೊಲೋ ಆತು. ಬಾಗಲಕೋಟಿಯಿಂದ ಬದಾಮಿ ತನಕ ಬಸ್ಸಿನ್ಯಾಗ ನಿಂತು ಬಂದು ಇಂಥಾದೊಂದು ನಗಿ ಮಾತು ಹೇಳೂದಂದ್ರ ಸಣ್ಣ ಕೆಲಸಲ್ಲ.

ಬರ್ರಿ, ಒಳಗ ಬರ್ರಿ. ಬಾಗಲಾ ಮುಚ್ಚ್ರಿ ಮೊದಲು. ಮಂಗ್ಯಾ ಅದಾವ. ಆ ಚೀಲ ಎದಿಗೆ ಹಿಡ್ಕೊಳ್ರಿ, ಹಣ್ಣಿನ ವಾಸನಿ ಹತ್ತೇತಿ ಅವಕ್ಕ. ಮೊದಲ ಗುಡ್ಡದ ಮ್ಯಾಲ, ಗವಿ ಕಡೆ ಇರ್ತಿದ್ವು. ಬಂದ ಮಂದಿ ಕೈಯಾಗಿಂದು ಕಸ್ಕೊಂಡು ತಿಂತಿದ್ವು. ಇತ್ತಿತ್ಲಾಗ ನಮ್ಮ ಮಾಳಗಿ ಮ್ಯಾಲ ಠಿಕಾಣಿ ಹೂಡ್ಯಾವ. ಸಂಜಿಕ ಬಸ್ಸು ಬರೂ ಹೊತ್ತಿಗೆ ಸರಿಯಾಗಿ ಬಂದು ಸಾಲ ಹಿಡಿದು ಕುಂದ್ರತಾವ. ಯಾಕೋ ಏನೋ. ಯಾರ ಕಲಿಸ್ಯಾರೋ.

ಕುಂದ್ರಿ. ಅಲ್ಲಿ ಬ್ಯಾಡ… ಅದು ಅವರ ಕುರ್ಚಿ. ಆತು ಬಿಡ್ರಿ, ಕುಂದ್ರಿ, ನಿಮಗೇನ ಹೊಸದು? ದಿನಾ ಮಗ್ಗಲದಾಗ ಕುಂದ್ರಾವರಿಗೆ ಕುರ್ಚಿ ಒಂದ ಯಾಕ ತಪ್ಪಬೇಕು… ಎದ್ದ ಬಿಟ್ರಿ? ಚಾಪಿ ಮ್ಯಾಲ? ಬಾಗಲ ಕಡೆ? ನಿಮ್ಮ ಖುಷಿ.

ಏನ್ ತಂದೀರಿ? ಮೋಸಂಬಿ. ಎಳನೀರು ಬ್ಯಾರೆ. ಯಾರಿಗೆ ಜಡ್ಡಾಗೈತಿ ಇಲ್ಲಿ? ದವಾಖಾನಿಗೆ ಬಂದಂಗ ಬಂದೀರಲ್ಲ… ‘ತಾಯಿಯವರು ಹೆಂಗ ಅದಾರ’? ಯಾರ ತಾಯಿ, ನಮ್ಮ ಅತ್ತಿ? ಶಿವಬಸವ್ವಗ ಏನ ಧಾಡಿ ಆಗೈತಿ? ಮುಂಜಾನಿ ಎದ್ದು ಓಣಿ ಹೆಣ್ಣಮಕ್ಕಳನ್ನ ಕಟ್ಕೊಂಡು ಮಹಾಕೂಟಕ್ಕ ಹೋಗ್ಯಾಳ. ಹೊಂಡದಾಗ ಜಳಕಾ, ಆಮ್ಯಾಲ ಊಟ, ಆಮ್ಯಾಲ ನನ್ನ ಸುದ್ದಿ. ಇನ್ನೇನ ಬರ್ತಾಳ. ನನಗಿಂತ ಗಟ್ಟಿ ಅದಾಳ ಮುದಕಿ.

ಯಾಕ ಹಂಗ ನೋಡಿದ್ರಿ? ಆರಾಮ ಅದಾಳ ಅಂದ್ರ ನಿಮಗ ಬ್ಯಾಸರ ಆದಂಗ ಆತಲ್ಲ.

ತಡೀರಿ, ಅವಸರ ಮಾಡಬ್ಯಾಡ್ರಿ. ನೀವು ಬಾಯಿ ತೆಗೀತೀರಿ, ‘ಅಕ್ಕಾ’ ಅಂತೀರಿ, ನಾ ಕರಗಿ ಹೋಗ್ತೇನಿ, ಅದೆಲ್ಲಾ ಆಮ್ಯಾಲ. ಭಾಳ ದಿನದಿಂದ ಕೂಡಿಟ್ಟ ಮಾತು ಅದಾವ ನನ್ನ ಹಂತ್ಯಾಕ. ಕೇಳಾವರು ತಾವಾಗೇ ಮನಿಗೆ ಬಂದಾರ. ಬಿಡತೇನಿ ಏನು?

ನಿಮ್ಮ ಕೈಯಾಗಿಂದು ಪುಸ್ತಕದ ಕರಡು, ಹೌದಿಲ್ಲೋ? ಇಳಕಲ್ಲಿನ ಪ್ರೆಸ್ಸಿನವರು ಗಂಟ ಬಿದ್ದಿರಬೇಕು. ಕೊಡ್ರಿ ಇಲ್ಲಿ. ಹೆದರಬ್ಯಾಡ್ರಿ, ಹರಿಯೂದಿಲ್ಲ. ನಾನೂ ಧಾರವಾಡದಾಗ ಕನ್ನಡ ಎಂ.ಎ. ಮಾಡೀನಿ. ನೀವೂ ಅದ ಮಾಡೀರಿ. ನೀವು ಅದನ್ನ ಸಾಲ್ಯಾಗ ಕಲಸ್ತೀರಿ, ನಾ ಅದನ್ನ ಟ್ರಂಕಿನ್ಯಾಗ ಇಟ್ಟೀನಿ. ಇಷ್ಟ ಫರಕ.

ಆಹಾ. ‘ಕಂಸ: ಗಣಿತದಲ್ಲಿ ಮತ್ತು ಬರಹದಲ್ಲಿ’. ಹೈಸ್ಕೂಲ ಮಕ್ಕಳಿಗೆ. ಕೆಳಗ ‘ಶಂಕರಲಿಂಗ’, ಅದರ ಮಗ್ಗಲಕ್ಕ ‘ಪ್ರಿಯದರ್ಶಿನಿ’, ನಡುವ ಒಂದು ಹೂವು. ಇದು ಪುಸ್ತಕ ಏನ್ರಿ, ಲಗ್ನಪತ್ರಿಕಿ?… ಹೂವು ಪ್ರೆಸ್ಸಿನವರು ಹಾಕ್ಯಾರ? ಇರಬೇಕು. ಅವರಿಗೆ ವರ್ಷದ ಹನ್ನೆರಡು ತಿಂಗಳೂ ಲಗ್ನಪತ್ರಿಕಿನ. ಕೈ ರೂಢಿ.

ನನ್ನ ಹೆಸರು ಎಲ್ಲಿ ಐತಿ ಹೇಳ್ರಿ ನೋಡೂಣು. ಮುಖಪುಟದಾಗ ಇಲ್ಲ. ಮುನ್ನುಡಿಯಾಗ ಇಲ್ಲ. ಇಲ್ಲಿ ಐತಿ, ತಳದಾಗ, ಇರಿವಿ ಹರದಾಡಿದಂಥಾ ಅಕ್ಷರದಾಗ: ‘(ಸಹಕಾರ: ಶ್ರೀಮತಿ ಶಿವಗಂಗಾ)’. ಕಂಸದೊಳಗ! ಕಂಸದ ಮ್ಯಾಲ ಪುಸ್ತಕ ಬರದು, ಹೆಂಡತಿನ್ನ ಹಿಡದು ಕಂಸದೊಳಗ ಹಾಕ್ಯಾರ. ಲೆಕ್ಕದಾಗ ಪಕ್ಕಾ ಮನಷ್ಯಾ.

ನಗಾಕತ್ತೀರಿ? ಇಲ್ಲ? ತುಟಿ ಅಳ್ಳಾಡಿತು, ಅದಕ್ಕ ಕೇಳಿದೆ.

ಇರ್ಲಿ. ನಿಮ್ಮ ಭಾಗದ ಮೊದಲನೇ ಪಾಠ ಓದ್ತೇನಿ ಕೇಳ್ರಿ. ‘ಗಣಿತದಲ್ಲಿ ಕಂಸದೊಳಗಿನದನ್ನು ಮೊದಲು ಬಿಡಿಸದೆ ಹೊರಗಿನದನ್ನು ಮುಟ್ಟುವಂತಿಲ್ಲ. ಬರಹದಲ್ಲಿ ಕಂಸದೊಳಗಿನದನ್ನು ಬಿಟ್ಟು ಓದಿದರೂ ವಾಕ್ಯ ನಿಲ್ಲಬೇಕು. ಒಂದೇ ಚಿಹ್ನೆ, ಒಂದು ಕಡೆ ಅದು ಅವಸರ, ಇನ್ನೊಂದು ಕಡೆ ಅದು ಪುರಸೊತ್ತು.’ ಚೊಲೋ ಮಾತು. ಖರೇನ ಚೊಲೋ ಐತಿ. ಯಾರದು ಈ ಮಾತು?

ನಿಮ್ಮದಲ್ಲ, ಗೊತ್ತೈತಿ. ಸರ್ ಹೇಳಿದ್ರು? ಅವರದೂ ಅಲ್ಲ.

ನಮ್ಮ ಲಗ್ನ ಆದ ವಾರದಾಗ ಕೂಡಲಸಂಗಮಕ್ಕ ಹೋಗಿದ್ವಿ. ತಿರುಗಿ ಬರೂವಾಗ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ. ಹುನಗುಂದ ದಾಟಿದ ಮ್ಯಾಲ ಒಂದು ಸೀಟು ಸಿಕ್ತು. ನನ್ನ ಕುಂದ್ರಿಸಿ ತಾವು ನಿಂತ್ರು. ಹೊಸಾ ಗಂಡ, ಏನರ ಮಾತಾಡಬೇಕಲ್ಲ? ಮಂದಿ ಏನಾರ ಮಾತಾಡ್ತಾರ. ಇವರು ಕಿಡಕಿ ಗಾಜಿನ ಧೂಳದಾಗ ಬೆರಳಲೆ ಲೆಕ್ಕಾ ಬರದ್ರು. ಹತ್ತರಾಗ ನಾಕು ಕಳದು, ಮತ್ತ ಮೂರು ಕಳದ್ರ, ಉಳದದ್ದು ಮೂರು. ಅದ ನಾಕರಾಗ ಮೂರು ಕಳಿಯೂದನ್ನ ಒಂದು ಕಂಸದೊಳಗ ಹಾಕಿ ಹತ್ತರಾಗ ಕಳದ್ರ, ಒಂಬತ್ತು. ‘ಒಳಗಿಂದು ಮೊದಲು ಮಾಡಬೇಕು ಶಿವಗಂಗಾ. ಇನ್ನ ಮ್ಯಾಲ ನೀ ಒಳಗಿನಾಕಿ. ಉಳಿದ ಜಗತ್ತು ಆಮ್ಯಾಲ’ ಅಂದ್ರು.

ಇದು ಪ್ರೀತಿ ಮಾತು ಬಾಯಾರ. ಗಣಿತದ ಮಾಸ್ತರ ಬಾಯಾಗ ಇದಕ್ಕಿಂತ ಹೆಚ್ಚಿಂದು ಬರೂದಿಲ್ಲ.

ನಾ ಸುಮ್ನ ಕುಂತಿದ್ರ ಆಗ್ತಿತ್ತು. ಎಂ.ಎ. ಮಾಡಿದ ಸೊಕ್ಕು. ‘ನಮ್ಮ ಬರವಣಿಗಿಯಾಗ ಹಂಗಿಲ್ಲರಿ, ಕಂಸ ಬಿಟ್ಟು ಓದಿದ್ರೂ ನಡೀತೈತಿ’ ಅಂದೆ. ಅವರು ಎಷ್ಟು ನಕ್ರು ಅಂದ್ರ ಕಂಡಕ್ಟರ ತಿರುಗಿ ನೋಡಿದ. ‘ಇದ್ರ ಮ್ಯಾಲ ಇಬ್ಬರೂ ಕೂಡಿ ಒಂದು ಪುಸ್ತಕಾನ ಬರಿಯೂಣು, ನಂದು ಅರ್ಧಾ, ನಿಂದು ಅರ್ಧಾ’ ಅಂದ್ರು. ಬಸ್ಸು ಅಮೀನಗಡದಾಗ ನಿಂತಿತ್ತು, ಕರದಂಟು ಕೊಡಿಸಿದ್ರು. ಪುಸ್ತಕಕ್ಕ ಮುಂಗಡ ಅಂತ.

ನನ್ನರ್ಧ ನೀವು ಬರದೀರಿ.

ಯಾಕ, ಗೊತ್ತಿರಲಿಲ್ಲೇನು? ಬಸ್ಸಿನ ಸುದ್ದಿ ಹೇಳಿಲ್ಲ ನಿಮಗ? ಹೇಳಿರಬೇಕಂತ ತಿಳದಿದ್ದೆ. ಇಷ್ಟೊಂದು ಮಾತಾಡ್ತೀರಿ ಇಬ್ಬರೂ… ಮಾರಿ ನೋಡಿದ್ರ ಹೇಳಿಲ್ಲಂತ ಕಾಣ್ತೈತಿ. ಹಂಗಾರ ಹೋಗ್ಲಿ, ಆ ತಪ್ಪು ನಿಮ್ಮದಲ್ಲ. ಬ್ಯಾರೆ ಅದಾವ.

ಇಲ್ಲಿ ನೋಡ್ರಿ, ನಿಮ್ಮ ಉದಾಹರಣಿ. ‘ಶಂಕರಲಿಂಗ ಸರ್ (ಅವರು ಬಹಳ ಶಾಂತ ಸ್ವಭಾವದವರು) ತರಗತಿಗೆ ಬಂದರು.’ ‘ಶಂಕರಲಿಂಗ ಸರ್ (ಕೈಯಲ್ಲಿ ಸುಣ್ಣದ ಕಡ್ಡಿ) ನಕ್ಕರು.’ ‘ಶಂಕರಲಿಂಗ ಸರ್ (ಅಂದು ಅವರಿಗೆ ಜ್ವರ) ಆದರೂ ಪಾಠ ಮಾಡಿದರು.’ ಇಡೀ ಬಾಗಲಕೋಟಿ ಜಿಲ್ಲಾದಾಗ ಉದಾಹರಣಿಗೆ ಇನ್ನೊಬ್ಬ ಗಂಡಸು ಸಿಗಲಿಲ್ಲ ನಿಮಗ? ಒಂದು ಎಮ್ಮಿ ಬರೀಬೇಕಿತ್ತು. ‘ಎಮ್ಮೆ (ಅದು ಶಾಂತ ಸ್ವಭಾವದ್ದು) ಕೆರೆಗೆ ಇಳಿಯಿತು.’ ವಾಕ್ಯಕ್ಕ ಏನ್ ಧಕ್ಕಿ ಆಗ್ತಿತ್ತು?

ಅವರಿಗೆ ಜ್ವರ ಬಂದದ್ದು ನನಗ ಗೊತ್ತಿರಲಿಲ್ಲ. ಯಾವಾಗ ಬಂದಿತ್ತು? ಬ್ಯಾಡ, ಹೇಳಬ್ಯಾಡ್ರಿ. ಅಚ್ಚಾದ ಮ್ಯಾಲ ಓದಿ ತಿಳ್ಕೋತೇನಿ. ಜಿಲ್ಲಾದ ಮಕ್ಕಳೆಲ್ಲಾ ಓದ್ತಾವಲ್ಲ, ಅವುಗಳ ಜೋಡಿ.

ನಿಮ್ಮನ್ನ ಒಂದ ಸಲ ನೋಡೀನಿ, ನಿಮ್ಮಿಬ್ಬರ ಬಾಗಲಕೋಟಿ ಸಾಲಿ ಗ್ಯಾದರಿಂಗಿನ್ಯಾಗ. ಇಳಕಲ್ಲ ಸೀರಿ ಉಟ್ಟಿದ್ರಿ, ದಾಳಿಂಬ್ರಿ ಬಣ್ಣದ್ದು. ಮೈಕ್ ಹಿಡದು ನಿಂತ್ರ ಹುಡುಗೂರು ಗಪ್ ಆಗಿದ್ವು. ನಾ ಅವರನ್ನ ನೋಡಿದೆ. ಅವರೂ ಗಪ್ ಆಗಿದ್ರು. ತಿರುಗಿ ಬರೂವಾಗ ‘ಯಾರ್ರಿ ಆಕಿ’ ಅಂದೆ. ‘ಪ್ರಿಯದರ್ಶಿನಿ ಅಂತ, ಹುನಗುಂದ ಕಡೆಯವರು, ಭಾಷಾ ಭಾಳ ಚೊಲೋ’ ಅಂದ್ರು. ಭಾಷಾ! ಹದಿನೈದು ವರ್ಷದಾಗ ನನ್ನ ರೊಟ್ಟಿ ಚೊಲೋ ಅಂದಾರ, ಪಲ್ಯೆ ಚೊಲೋ ಅಂದಾರ, ಸಿಟ್ಟು ಚೊಲೋ ಅಂತನೂ ಒಮ್ಮೆ ಅಂದಾರ. ಭಾಷಾ ಅಂದಿಲ್ಲ.

ನಮ್ಮ ಅತ್ತಿ ಕೇಳಿದ್ದು ಬ್ಯಾರೆ. ‘ಯಾರ ಪೈಕಿ ಆ ಬಾಯಾರು’ ಅಂತ. ಬಸವಣ್ಣನ ಫೋಟೋ ಕೆಳಗ ಕುಂತು, ಊದಿನಕಡ್ಡಿ ಹಚ್ಕೊಂತ ಜಾತಿ ಕೇಳಿದ್ಲು. ನಾ ಹೇಳಲಿಲ್ಲ. ನಿಮ್ಮ ಮ್ಯಾಲಿನ ಸಿಟ್ಟು ನನ್ನದು, ಅದು ನನಗ ಸಾಕು. ಅದರಾಗ ಆಕಿ ಸಿಟ್ಟು ಕೂಡಸೂದು ನನಗ ಬ್ಯಾಡಾಗಿತ್ತು. ಇದಕ್ಕ ನೀವು ನನಗೇನ ಉಪಕಾರ ಹೇಳಬ್ಯಾಡ್ರಿ.

ನೀರು ಕುಡೀರಿ. ಕುಡೀರಿ, ಏನೂ ಹಾಕಿಲ್ಲ.

ಹುಣ್ಣಿವಿ ಆದ ಮ್ಯಾಲ ಅವರು ಒಂದ ಐತವಾರನೂ ಮನಿಗೆ ಬಂದಿಲ್ಲ. ನಿಮಗ ಗೊತ್ತಿದ್ದ ಮಾತು, ಆದ್ರೂ ಹೇಳ್ತೇನಿ. ಮೊದಲೆಲ್ಲಾ ಶನಿವಾರ ಸಂಜಿಕ ಬರಾವರು, ಸೋಮವಾರ ಮುಂಜಾನಿ ನವನಗರದ ತಮ್ಮ ಖೋಲಿಗೆ ಹೋಗಾವರು. ಈ ಸಲ ಹೋಗೂವಾಗ ‘ಪುಸ್ತಕ ಮುಗಿಯೂ ತನಕ ಬರಾಕ ಆಗೂದಿಲ್ಲ ಶಿವಗಂಗಾ, ಪ್ರಿಯದರ್ಶಿನಿ ಬಾಯಾರ ಜೋಡಿ ಕುಂತು ಮುಗಸಬೇಕು. ಫೋನ್ ಬಂದ್ ಇಡ್ತೇನಿ, ಮಾಡಬ್ಯಾಡ’ ಅಂದ್ರು. ಚಪ್ಪಲಿ ಹಾಕ್ಕೊಂಡ್ರು, ಮತ್ತ ಒಳಗ ಬಂದ್ರು, ನೀರು ಕುಡದ್ರು, ಹೋದ್ರು.

ನಾ ಮಾಡಿಲ್ಲ ಫೋನು. ಮಾಡಿದ್ದೆ… ಬಂದ್ ಇತ್ತು. ಆಮ್ಯಾಲ ಮಾಡಿಲ್ಲ.

ಆದ್ರ ಒಂದು ಮಾತು ತಿಳ್ಕೋರಿ. ಬುತ್ತಿ ನನ್ನದ ಉಣ್ತಾರ.

ಹೌದು. ದಿನಾ. ಮುಂಜಾನಿ ನಾ ರೊಟ್ಟಿ ಬಡದು, ಪಲ್ಯೆ, ಶೇಂಗಾ ಚಟ್ನಿ, ಮೊಸರು, ಎಲ್ಲಾ ಡಬ್ಬಿಗೆ ಹಾಕಿ ಬಟ್ಟಿ ಕಟ್ಟಿ ಬಾಗಲಕೋಟಿ ಬಸ್ಸಿಗೆ ಇಡ್ತೇನಿ. ಡ್ರೈವರ ಸೀಟಿನ ಹಿಂದ ಹತ್ತಿಪ್ಪತ್ತು ಬುತ್ತಿ ಇರ್ತಾವ, ಕಾಲೇಜ ಹುಡುಗೂರವು, ನೌಕರಿಯವರವು. ನಂದು ಗೊತ್ತಾಗಲಿ ಅಂತ ಇಳಕಲ್ಲ ಸೀರಿ ಸೆರಗಿನ ಚೀಲ ಹೊಲದೀನಿ, ಮ್ಯಾಲ ಹೆಸರು: ‘ಶಂಕರಲಿಂಗ ಸರ್ (ನವನಗರ)’. ಅಲ್ಲೂ ಕಂಸ! ಅವರ ಹೇಳಿದ್ದು, ‘ಊರು ಕಂಸದೊಳಗ ಹಾಕು’ ಅಂತ. ಅಲ್ಲಿ ಸ್ಟ್ಯಾಂಡಿನ ಕ್ಯಾಂಟೀನದಾಗ ಅಫ್ಜಲ ಇಳಿಸಿಕೋತಾನ, ಇವರು ಹೋಗಿ ತಗೋತಾರ, ಉಂಡು ಡಬ್ಬಿ ಅಲ್ಲೇ ಇಡ್ತಾರ, ಸಂಜಿ ಬಸ್ಸಿಗೆ ಅಫ್ಜಲ ಹತ್ತಸ್ತಾನ. ಖಾಲಿ. ತೊಳದಂಗ ಖಾಲಿ. ಒಂದು ತುಣುಕು ರೊಟ್ಟಿ ಉಳದಿರೂದಿಲ್ಲ.

ನೀವು ಏನ ಮಾಡಿ ಹಾಕಿದ್ರೂ ಅಷ್ಟ. ಹೊಟ್ಟಿ ನನ್ನ ಕಡೆ ಐತಿ. ಪುಸ್ತಕ ನಿಮ್ಮ ಜೋಡಿ ಬರೀಲಿ, ಹೂವಿನ ಮಗ್ಗಲಕ್ಕ ಹೆಸರು ಹಾಕ್ಕೋಲಿ… ಹಸಿವಾದಾಗ ಬಾಯಿಗೆ ಹೋಗೂದು ನನ್ನ ಕೈ ರೊಟ್ಟಿ.

ಏನು? ಯಾಕ ಕಣ್ಣು ಹಂಗ ಮಾಡಿದ್ರಿ? ಹೊಟ್ಟಿ ಉರೀತೇನು? ಉರೀಲಿ. ಒಬ್ಬಾಕಿಗೇ ಯಾಕ ಉರೀಬೇಕು.

ಅವರ ಬಗ್ಗೆ ನಿಮಗ ಏನ ಗೊತ್ತೈತಿ? ಶಾಂತ ಸ್ವಭಾವ! ಎದುರಿಗೆ ಯಾರೂ ಏನೂ ಕೇಳದಿದ್ರ ಯಾವ ಗಂಡಸಾದ್ರೂ ಶಾಂತನ. ನಾ ಹೇಳ್ತೇನಿ ಅವರ ಬಗ್ಗೆ. ಬೋರ್ಡಿನ ಮ್ಯಾಲ ಲೆಕ್ಕಾ ಬರಿಯೂವಾಗ ನೋಡೀರಿ? ಎಲ್ಲಾರೂ ಕಂಸ ತೆಗೀತಾರ, ಒಳಗಿಂದು ಬರೀತಾರ, ಆಮ್ಯಾಲ ಮುಚ್ಚತಾರ. ಇವರು ಹಂಗಲ್ಲ. ಮೊದಲ ಈ ಕಡೆದೊಂದು, ಆ ಕಡೆದೊಂದು, ಎರಡೂ ಹಾಕಿ ಬಿಡ್ತಾರ. ನಡುವ ಜಾಗಾ ಖಾಲಿ. ಆಮ್ಯಾಲ ಸಾವಕಾಶ ಒಳಗ ತುಂಬತಾರ. ‘ತೆಗದದ್ದು ಮುಚ್ಚಾಕ ಮರೀತಾವ ಹುಡುಗೂರು. ಎರಡೂ ಕಡೆ ಭದ್ರ ಮಾಡಿದ್ರ, ಒಳಗ ಏನೈತಿ ಅಂತ ಯಾರೂ ಅವಸರ ಮಾಡೂದಿಲ್ಲ’ ಅಂತಾರ. ನೋಡೀರಲ್ಲ? ತಲಿ ಹಾಕಿದ್ರಿ. ನೋಡೀರಿ. ನಾನೂ ನೋಡೀನಿ, ಈ ಗ್ವಾಡಿಗೆ ನಮ್ಮ ಓಣಿ ಹುಡುಗೂರಿಗೆ ಹೇಳಿ ಕೊಡೂವಾಗ.

ಮತ್ತೊಂದು ಐತಿ. ಕಂಸದ ಹೊರಗ ಕಳಿಯೂ ಚಿಹ್ನೆ ನಿಂತಿದ್ರ, ಕಂಸ ಬಿಚ್ಚಿದ ಕೂಡ್ಲೆ ಒಳಗಿನವೆಲ್ಲಾ ತಿರುಗಿ ಬೀಳ್ತಾವ. ಕೂಡೂದು ಕಳಿಯೂದಾಗ್ತೈತಿ. ಒಳಗಿನವು ಏನೂ ತಪ್ಪು ಮಾಡಿರೂದಿಲ್ಲ, ಹೊರಗ ಯಾರೋ ಬಂದು ನಿಂತಾರ, ಅಷ್ಟ. ಇದನ್ನ ನೀವು ನಿಮ್ಮ ಪಾಠದಾಗ ಹಾಕಬೇಕಿತ್ತು. ಉದಾಹರಣಿಗೆ ನಾ ಬರ್ತಿದ್ದೆ.

ಬರೇ ಕಳಿಯೂ ಚಿಹ್ನೆ ನೀವು ಅಂತ ನಾ ಅನ್ನಾಂಗಿಲ್ಲ… ಅಂದ್ನಿ, ಆತಲ್ಲ.

ಯಾರದು? ಇಮಾಮಹುಸೇನಾ? ಬಂತೇನು ಬಸ್ಸು? ಅಲ್ಲೇ ಕಟ್ಟಿ ಮ್ಯಾಲ ಇಡಪಾ, ನಾ ತಗೋತೇನಿ. ಹೋಗು ನೀನು, ರಿಕ್ಷಾ ಅಡ್ಡ ನಿಂತೈತಿ… ನಮ್ಮ ಇಮಾಮಹುಸೇನ, ಸ್ಟ್ಯಾಂಡಿನಿಂದ ಡಬ್ಬಿ ತಂದು ಕೊಡ್ತಾನ ದಿನಾ. ಬಾಯಾರ, ನೀವ್ಯಾಕ ಎದ್ರಿ? ಇರ್ಲಿ ಬಿಡ್ರಿ. ಮಂಗ್ಯಾ ಒಯ್ದರ ಒಯ್ತಾವ, ಖಾಲಿ ಡಬ್ಬಿ, ಏನ್ ಮಾಡ್ತಾವ? ನೀವು ಕುಂದ್ರಿ, ನಾ… ಬಾಗಲಾ ತೆಗೀಬ್ಯಾಡ್ರಿ ಅಂದ್ನಲ್ಲ.

ತಗೊಂಡ ಬಿಟ್ರಿ.

ಕೊಡ್ರಿ ಇತ್ತ. ಯಾಕ ನಿಂತ್ರಿ? ಕೈಯಾಗ ಹಿಡದು ತೂಗಿ ಏನ ನೋಡ್ತೀರಿ? ಹಳೇ ಸ್ಟೀಲು, ನಮ್ಮವ್ವ ಕೊಟ್ಟದ್ದು. ವಜ್ಜ ಇರ್ತೈತಿ. ಹಳೇವು ಹಂಗ ಇರ್ತಾವ. ಈಗಿನವು ಕಾಗದ ಇದ್ದಂಗ… ಅಳ್ಳಾಡಸಬ್ಯಾಡ್ರಿ. ನೆಟ್ಟಗ ಹಿಡೀರಿ, ಮೊಸರು ಚೆಲ್ಲ…

ಚೆಲ್ಲಿತೇನು? ಸೀರಿಗೆ ಹತ್ತಿತು?

ಇವತ್ತೊಂದ ದಿನ ಉಂಡಿಲ್ಲ, ಏನೋ. ಕೆಲಸ ಇರ್ತಾವ. ಪರೀಕ್ಷಾ ಇರ್ತಾವ. ಒಂದೊಂದು ದಿನ ಹಂಗ ಆಗ್ತೈತಿ, ಅದರಾಗ ಏನೈತಿ? ನಿನ್ನೆ ಖಾಲಿನ ಬಂದಿತ್ತು. ಮೊನ್ನೆನೂ.

ಯಾಕ ಮ್ಯಾಲ ನೋಡ್ತೀರಿ? ಮಂಗ್ಯಾ ಅದು. ಹೇಳಿದ್ನಲ್ಲ, ಈ ಹೊತ್ತಿಗೆ ಬರ್ತಾವಂತ. ತಗಡಿನ ಮ್ಯಾಲ ಧಡ್ ಧಡ್ ಅಂತಾವ. ಅವಕ್ಕ ಗೊತ್ತು…

ನನ್ನ ನೋಡಬ್ಯಾಡ್ರಿ ಹಂಗ.

ಏನರ ಅನ್ರಿ! ಇಷ್ಟ ಹೊತ್ತು ಬೈದೀನಿ, ಒಂದು ತಿರುಗಿ ಅಂದಿಲ್ಲ. ‘ಸುಳ್ಳು ಹೇಳ್ತೀಯೇನ ಶಿವಗಂಗಾ’ ಅಂತನರ ಅನ್ರಿ.

ಹೌದು. ನಾನ ಕಲಿಸೀನಿ ಅವಕ್ಕ. ದಿನಾ ಹಂಗ ಬರ್ತೈತಿ ಡಬ್ಬಿ. ನಾ ಕಟ್ಟಿದ ಗಂಟು ಕಟ್ಟಿದಂಗ. ಅತ್ತಿ ನೋಡೂದ್ರೊಳಗ ಹಿತ್ತಲ ಬಾಗಲಲೆ ಮಾಳಗಿ ಹತ್ತಿ, ರೊಟ್ಟಿ ಮುರದು ಒಗದು, ಡಬ್ಬಿ ತೊಳದು ಬೋರಲ ಹಾಕ್ತೇನಿ. ‘ಉಂಡಾನೇನ ಮಗ’ ಅಂತಾಳ. ‘ಉಂಡಾರ’ ಅಂತೇನಿ.

ನೀವು ಉಣಿಸ್ತೀರಿ ಅಂತ ತಿಳದಿದ್ದೆ.

ಮೊದಲನೇ ದಿನ ತುಂಬಿದ ಡಬ್ಬಿ ಬಂದಾಗ ಕುಂತ ಬಿಟ್ಟೆ. ಆಮ್ಯಾಲ ತಿಳದ್ಕೊಂಡೆ. ಆಕಿ ಕೈ ಊಟ ರುಚಿ ಹತ್ತೇತಿ, ನನ್ನ ರೊಟ್ಟಿ ಬ್ಯಾಡಾಗೈತಿ. ಅಫ್ಜಲಗ ಒಂದು ಫೋನ್ ಮಾಡಿದ್ರ ಮುಗೀತಿತ್ತು. ‘ಸರ್ ಬರ್ತಾರೇನಪಾ’ ಅಂತ. ಕೇಳಿದ್ರ ಕಂಡಕ್ಟರಗೆ ಗೊತ್ತಾಗ್ತೈತಿ, ಬಸ್ಸು ಕೆರೂರ ಮುಟ್ಟೂದ್ರೊಳಗ ಅರ್ಧಾ ತಾಲೂಕಿಗೆ ಗೊತ್ತಾಗ್ತೈತಿ, ಮಾಸ್ತರನ ಹೆಂಡತಿ ಗಂಡನ್ನ ಹುಡುಕಾಕತ್ತ್ಯಾಳಂತ. ಅದಕ್ಕ ಕೇಳಲಿಲ್ಲ. ಬುತ್ತಿ ಕಳಸೂದು ಬಿಡಲಿಲ್ಲ. ಬಿಟ್ರ ಆಕಿ ಗೆದ್ದಂಗ ಅಂತ. ನೀವು. ನೀವು ಗೆದ್ದಂಗ ಅಂತ.

ಏನ ಮಾಡಿ ಹಾಕ್ತೀರಿ ಅವರಿಗೆ? ಹೇಳ್ರಿ, ಸಿಟ್ಟಾಗೂದಿಲ್ಲ. ಅನ್ನಾನ? ಬರೇ ಅನ್ನಾ ಉಂಡ್ರ ಅವರಿಗೆ ಹೊಟ್ಟಿ ತುಂಬೂದಿಲ್ಲ, ನಿಮಗ ಗೊತ್ತಿಲ್ಲದಿರಬೇಕು…

ತಲಿ ಯಾಕ ಅಳ್ಳಾಡಸ್ತೀರಿ?

ನಿಮ್ಮ ಮನಿಗೆ ಬರೂದಿಲ್ಲ? ಆತು, ನಂಬತೇನಿ. ತಮ್ಮ ಖೋಲ್ಯಾಗ ಇರ್ತಾರ. ಖೋಲ್ಯಾಗ? ಅಲ್ಲೂ… ಕೀಲಿ? ಸಾಲ್ಯಾಗ? ಸಾಲಿಗೆ ಬರ್ತಾರಲ್ಲ? ಪಾಠಾ ಮಾಡ್ತಾರಲ್ಲ?

ಯಾವಾಗಿಂದ?

ಹುಣ್ಣಿವಿಯಿಂದ.

ತಡೀರಿ… ಸಾಲಿಗೆ ಏನಂತ ಹೇಳಿ ಹೋದ್ರು? ರಜಾ ಹಾಕ್ಯಾರ? ಯಾಕಂತ? ಯಾಕ ಆ ಚೀಲ ನೋಡ್ತೀರಿ?

ಓ.

ತಾಯಿಗೆ ಜಡ್ಡು. ಬದಾಮಿಗೆ ಹೋಗ್ತೇನಿ. ಅದಕ್ಕ ಮೋಸಂಬಿ. ಅದಕ್ಕ ಎಳನೀರು. ಅದಕ್ಕ ‘ತಾಯಿಯವರು ಹೆಂಗ ಅದಾರ’. ಖರೇನ ಕೇಳಿದ್ರಿ ನೀವು. ಬಾಗಲದಾಗ ನಿಂತು ‘ಸರ್ ಮನ್ಯಾಗ ಅದಾರೇನ್ರಿ’ ಅಂದದ್ದು… ಖರೇನ ಕೇಳಿದ್ರಿ.

ನನಗ ಹೇಳೂವಾಗ ನಿಮ್ಮ ಹೆಸರು. ನಿಮಗ ಹೇಳೂವಾಗ ನಮ್ಮ ಅತ್ತಿ ಜಡ್ಡು. ರೂಢಿ ಬಿಟ್ಟಿಲ್ಲ ನೋಡ್ರಿ ಮನಷ್ಯಾ. ಈ ಕಡೆದೊಂದು ಹಾಕ್ಯಾನ, ಆ ಕಡೆದೊಂದು ಹಾಕ್ಯಾನ, ಎರಡೂ ಭದ್ರ. ಯಾರೂ ಅವಸರ ಮಾಡಲಿಲ್ಲ. ನೀವು ಅಲ್ಲಿ ಕರಡು ತಿದ್ಕೊಂತ ಕುಂತ್ರಿ, ನಾ ಇಲ್ಲಿ ರೊಟ್ಟಿ ಬಡ್ಕೊಂತ ಕುಂತೆ. ನಡುವ…

ಸುಳ್ಳು ಹೇಳ್ತೀರಿ ನೀವು. ಹೌದಿಲ್ಲೋ? ನಿಮ್ಮ ಮನ್ಯಾಗ ಅದಾನ. ಹೂಂ ಅನ್ರಿ. ನಾ ಜಗಳಾ ಮಾಡೂದಿಲ್ಲ, ಬಸವಣ್ಣನ ಆಣಿ. ಮುಖಪುಟದಾಗ ಹೂವು ಇರ್ಲಿ, ಎರಡು ಹಾಕಿಸ್ರಿ ಬೇಕಾದ್ರ. ನನ್ನ ಹೆಸರು ಕಂಸದೊಳಗಿಂದೂ ತೆಗೀರಿ. ನವನಗರದಾಗ ನಿಮ್ಮ ಮನಿ ನಾ ನೋಡಿಲ್ಲ, ಆದ್ರ ದಿನಾ ರಾತ್ರಿ ಅಲ್ಲಿಗೆ ಹೋಗಿ ಬಂದೀನಿ. ಬಯ್ಯಾಕ. ಬೈದು ಬೈದು ಒಂದು ಸಮಾಧಾನ ಇತ್ತು ಪ್ರಿಯದರ್ಶಿನಿ… ಅಲ್ಲಿ ಅದಾನ ಅಂದ್ರ ಉಂಡಿರ್ತಾನ. ಮಳಿ ಬಂದ್ರ ಮ್ಯಾಲ ಸೂರು ಇರ್ತೈತಿ. ಜ್ವರ ಬಂದ್ರ ಯಾರೋ ಒಬ್ಬರು ಹಣಿ ಮುಟ್ಟಿ ನೋಡ್ತಾರ. ಕೆಟ್ಟಾಕಿ ಆದ್ರೂ ಶಾಣ್ಯಾ ಹೆಣಮಗಳು, ಭಾಷಾ ಚೊಲೋ ಐತಿ, ನೋಡ್ಕೋತಾಳ… ಅಂತ ತಿಳ್ಕೊಂಡು ನಿದ್ದಿ ಮಾಡೀನಿ ನಾನು. ಇಷ್ಟ ದಿನ.

ಹೂಂ ಅನ್ನವಾ ತಂಗಿ. ಒಂದ ಸಲ.

ಅನ್ನೂದಿಲ್ಲ ನೀ.

ನಾಳೆ ಮುಂಜಾನಿ ಬಸ್ಸಿಗೆ ಬುತ್ತಿ ಅಲ್ಲ, ನಾನ ಬರ್ತೇನಿ. ಖೋಲಿ ಕೀಲಿ ಮುರಸೂಣು, ಪೊಲೀಸ್ ಠಾಣಾಕ್ಕ ಹೋಗೂಣು, ಮಂದಿ ಏನರ ಅಂದುಕೊಳ್ಳಲಿ. ನೀವೂ ಬರಬೇಕು. ನಾ ಒಬ್ಬಾಕಿ ಹೋದ್ರ ‘ಯಾವಾಗ ನೋಡಿದ್ರಿ, ಏನ ಹೇಳಿ ಹೋದ್ರು’ ಅಂತ ಕೇಳ್ತಾರ. ಅರ್ಧಾ ನನಗ ಗೊತ್ತು. ಅರ್ಧಾ ನಿಮಗ.

ಓಣ್ಯಾಗ ಮಾತು ಕೇಳಿದ್ವು… ಬಂದ್ರು ಮಹಾಕೂಟದವರು. ಆಕಿದ ಧ್ವನಿ. ಕಣ್ಣು ಒರಸ್ಕೋರಿ. ಡಬ್ಬಿ ಕೊಡ್ರಿ ಇಲ್ಲಿ, ಹಿತ್ತಲಕ್ಕ… ಬ್ಯಾಡ. ಹೊತ್ತಿಲ್ಲ. ಕೈಯಾಗ ಇರ್ಲಿ ನಿಮ್ಮ.

ಒಳಗ ಕಾಲಿಟ್ಟ ಕೂಡ್ಲೆ ಡಬ್ಬಿ ಕಡೆ ನೋಡ್ತಾಳ. ‘ಉಂಡಾನೇನ ನನ್ನ ಮಗ’ ಅಂತಾಳ. ದಿನಾ ನಾ ಹೇಳೀನಿ.

ಇವತ್ತ ನೀವು ಹೇಳ್ರಿ.